ಹಳೆ ಓಮ್ನಿ ಕ್ಯಾಂಪರ್‌ನಲ್ಲಿ ಮಲೆನಾಡಿನ ಕಚ್ಚಾ ದಾರಿ: ಎಲ್ಲಿವರೆಗೆ ಹೋಗಬಹುದು?

ಓಮ್ನಿ_ಓಟ

ನಮಸ್ಕಾರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಆಮೇಲೆ ಬೈಯಿರಿ.

ನನ್ನ ಹತ್ತಿರ ಇರುವುದು 2011ರ ಓಮ್ನಿ. 796 ಸಿಸಿ, ಮೂರು ಸಿಲಿಂಡರು, ಎಳೆಯುವುದು ಹಿಂದಿನ ಚಕ್ರ ಮಾತ್ರ. ಹಿಂದಿನ ಸೀಟು ಮಡಚಿ ಅದರ ಮೇಲೆ ಬಿಚ್ಚಿ ಜೋಡಿಸುವ ಪ್ಲೈವುಡ್ ಮಂಚ ಹಾಕಿದ್ದೇನೆ. ಒಂದು ಚಿಕ್ಕ ಒಲೆ, 20 ಲೀಟರಿನ ಎರಡು ನೀರಿನ ಕ್ಯಾನು, ಕಿಟಕಿಗೆ ಹೆಂಡತಿ ಹೊಲಿದ ಪರದೆ, ಮೇಲೆ ಕ್ಯಾರಿಯರು. ಇಷ್ಟೇ ನಮ್ಮ ಕ್ಯಾಂಪರ್. ನಾನು, ಹೆಂಡತಿ, ಏಳು ವರ್ಷದ ಮಗಳು ಆರಾಮಾಗಿ ಮಲಗುತ್ತೇವೆ. ಆರಾಮ ಅಂದರೆ, ಒಬ್ಬರು ಮಗ್ಗುಲು ಬದಲಿಸಿದರೆ ಮೂವರೂ ಬದಲಿಸಬೇಕು.

ದಸರಾ ರಜೆಯಲ್ಲಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಬಾಳೂರು ದಾಟಿ ಕಳಸಕ್ಕೆ ಹೋದೆವು. ಅಲ್ಲಿಂದ ಮುಂದೆ ಪರಿಚಯದವರೊಬ್ಬರ ತೋಟದಲ್ಲಿ ಎರಡು ರಾತ್ರಿ ಉಳಿಯುವ ಯೋಚನೆ. ಕೊನೆಯ ಮೂರು ಕಿಲೋಮೀಟರು ಕಚ್ಚಾ ರಸ್ತೆ. "ನಮ್ಮ ಪಿಕಪ್ ದಿನಾ ಬರುತ್ತೆ, ಬನ್ನಿ" ಅಂದಿದ್ದರು. ಹಿಂದಿನ ರಾತ್ರಿ ಮಳೆ ಬಂದಿತ್ತು.

ಮೊದಲ ಒಂದೂವರೆ ಕಿಲೋಮೀಟರು ಏನೂ ತೊಂದರೆ ಆಗಲಿಲ್ಲ. ಆಮೇಲೆ ಒಂದು ಏರು ತಿರುವು. ಕೆಂಪು ಮಣ್ಣು, ಅದರ ಮೇಲೆ ಕೊಳೆತ ಎಲೆ. ಫಸ್ಟ್ ಗೇರಿನಲ್ಲಿ ಜೋರಾಗಿ ಆಕ್ಸಿಲೇಟರ್ ಕೊಟ್ಟೆ. ಎಡ ಹಿಂಚಕ್ರ ಗಿರ್ರನೆ ತಿರುಗಿತು, ಗಾಡಿ ನಿಂತಿತು. ಬ್ರೇಕ್ ಒತ್ತಿ ಹಿಡಿದೆ. ಹಿಡಿದಂತೆಯೇ ಗಾಡಿ ಹಿಂದಕ್ಕೆ ಜಾರತೊಡಗಿತು! ಸ್ಟಿಯರಿಂಗ್ ತಿರುಗಿಸಿದರೂ ಮೂತಿ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಕೊನೆಗೆ ಹಿಂಚಕ್ರ ಚರಂಡಿಗೆ ಇಳಿದು ನಿಂತಿತು. ಚರಂಡಿ ಎಡಗಡೆ ಇತ್ತು. ಬಲಗಡೆ ಏನಿತ್ತು ಅಂತ ಮನೆಯಲ್ಲಿ ಇನ್ನೂ ಮಾತಾಡಿಲ್ಲ.

ಎಲ್ಲರನ್ನೂ ಇಳಿಸಿದೆ. ಐದು ನಿಮಿಷಕ್ಕೆ ಮಗಳ ಕಾಲಿಗೆ ನಾಲ್ಕು ಉಂಬಳ. ನನ್ನ ಬುದ್ಧಿ ಓಡಿದ್ದು ಹೀಗೆ: ಪಕ್ಕದ ಅಡಿಕೆ ತೋಟದಿಂದ ಬಿದ್ದ ಹಾಳೆ (ಅಡಿಕೆ ಗರಿಯ ಬುಡದ ನುಣುಪಾದ ಅಗಲ ಪಟ್ಟೆ) ತಂದು ಚಕ್ರದ ಕೆಳಗೆ ಇಟ್ಟೆ. ಹಾಳೆ ಸುಯ್ಯನೆ ಹಿಂದಕ್ಕೆ ಹಾರಿ ಹೋಯಿತು, ಗಾಡಿ ಇನ್ನೊಂದು ಅಡಿ ಕೆಳಗೆ. ಒಂದೂವರೆ ಗಂಟೆ ಆದ ಮೇಲೆ ಒಂದು ಜೀಪು ಬಂತು. ಡ್ರೈವರ್ ಹಾಳೆ ನೋಡಿ ಅರ್ಧ ನಿಮಿಷ ನಕ್ಕ. "ಇದರ ಮೇಲೆ ಮಕ್ಕಳನ್ನ ಕೂರಿಸಿ ಎಳೀತೀವಿ ಸಾರ್. ನೀವು ವ್ಯಾನ್ ಕೂರಿಸಿದ್ರಾ?" ಅಂದ.

ಹಗ್ಗ ಕಟ್ಟಿ ಎಳೆದು ಕೊಟ್ಟ. ದುಡ್ಡು ಬೇಡ ಅಂದ. ಹೋಗುವಾಗ ಒಂದು ಮಾತು ಹೇಳಿದ: "ಗಾಡಿ ಸಿಕ್ಕಿಹಾಕಿಕೊಂಡಿದ್ದು ಇಲ್ಲಿ. ನೀವು ಸಿಕ್ಕಿಹಾಕಿಕೊಂಡಿದ್ದು ಕೆಳಗೆ, ಆ ಹಲಸಿನ ಮರದ ಹತ್ರ." ನನಗೆ ಅರ್ಥ ಆಗಲಿಲ್ಲ.

ಈಗ ಪ್ರಶ್ನೆ. ದಪ್ಪ ಕಚ್ಚಿನ ಟೈರ್ ಹಾಕಿಸಲೇ? ಸ್ಪ್ರಿಂಗಿಗೆ ಪಟ್ಟಿ ಸೇರಿಸಿ ಗಾಡಿ ಎತ್ತರಿಸಲೇ? ಅಥವಾ ಮಾರಿ ಫೋರ್ ವೀಲ್ (ನಾಲ್ಕೂ ಚಕ್ರ ಎಳೆಯುವ ಗಾಡಿ) ತಗೊಳ್ಳಲೇ?

ಬರೀ_ಪ್ರಶ್ನೆ

ಮಾರಿ. ಹನ್ನೆರಡು ಇಂಚಿನ ಚಕ್ರ ಇಟ್ಟುಕೊಂಡು ಬೆಟ್ಟ ಹತ್ತುತ್ತೇನೆ ಅನ್ನುವುದು ಚಪ್ಪಲಿ ಹಾಕಿಕೊಂಡು ಮ್ಯಾರಥಾನ್ ಓಡಿದ ಹಾಗೆ. ಥಾರ್ ಅಥವಾ ಜಿಮ್ನಿ ನೋಡಿ.

ಹನ್ನೆರಡರ_ಪಾನ

ಜಿಮ್ನಿಯಲ್ಲಿ ಮೂರು ಜನ ಮಲಗುವುದು ಎಲ್ಲಿ?

ನಾನು 22 ವರ್ಷದಿಂದ ಗ್ಯಾರೇಜು ನಡೆಸುತ್ತಿದ್ದೇನೆ, ಚಿಕ್ಕಮಗಳೂರು ಕಡೆ. ಓಮ್ನಿ ಎಷ್ಟು ಬಿಚ್ಚಿದ್ದೇನೋ ಲೆಕ್ಕ ಇಲ್ಲ. ಇದರಲ್ಲೊಂದು ಸುಖ ಇದೆ. ಎಂಜಿನ್ ಮುಂದಿನ ಸೀಟಿನ ಕೆಳಗೆ. ಮಳೆ ಸುರಿಯುತ್ತಿದ್ದರೂ ಬಾಗಿಲು ಹಾಕಿಕೊಂಡು, ಸೀಟು ಎತ್ತಿ, ಒಳಗೆ ಕೂತೇ ಪ್ಲಗ್ ಬಿಚ್ಚಬಹುದು. ಬೇರೆ ಯಾವ ಗಾಡಿಯಲ್ಲಿ ಈ ಸೌಕರ್ಯ ಇದೆ ಹೇಳಿ.

ಆದರೆ ಇದೇ ಎಂಜಿನ್ನಿನ ಜಾಗ ನಿಮ್ಮ ತಲೆನೋವೂ ಹೌದು. ಎಂಜಿನ್ ಮುಂದೆ, ಅದರ ಮೇಲೆ ನೀವಿಬ್ಬರು. ಎಳೆಯಬೇಕಾದ ಚಕ್ರ ಹಿಂದೆ. ಅಲ್ಲಿ ಏನಿತ್ತು? ಹಾಸಿಗೆ, ದಿಂಬು, ಮಗು. ಭಾರದ ಸಾಮಾನೆಲ್ಲಾ ಕ್ಯಾರಿಯರಿನ ಮೇಲೆ ಹಾಕಿದ್ದಿರಿ ಅಂತ ಕಾಣುತ್ತದೆ. ನೀರಿನ ಕ್ಯಾನು ಎಲ್ಲಿತ್ತು ನಿಜ ಹೇಳಿ.

ಇನ್ನು ಒಂದು ಚಕ್ರ ಮಾತ್ರ ಗಿರ್ರೆಂದದ್ದು. ಡಿಫರೆನ್ಶಿಯಲ್ ಇರುವುದೇ ಹಾಗೆ. ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲಿ ಅಂತ ಮಾಡಿರುವುದು. ಒಂದು ಕಡೆ ಹಿಡಿತ ತಪ್ಪಿದರೆ ಎಂಜಿನ್ನಿನ ಓಟವೆಲ್ಲ ಅದೇ ಚಕ್ರಕ್ಕೆ ಹೋಗುತ್ತದೆ. ಹಿಡಿತ ಇರುವ ಚಕ್ರ ಸುಮ್ನೆ ನಿಂತು ನೋಡುತ್ತದೆ. ಆಗ ಆಕ್ಸಿಲೇಟರ್ ಕೊಟ್ಟಷ್ಟೂ ಗುಂಡಿ ಆಳ. ಒಂದು ಉಪಾಯ ಇದೆ: ಹ್ಯಾಂಡ್‌ಬ್ರೇಕ್ ಎರಡು ಮೂರು ಹಲ್ಲು ಮಾತ್ರ ಎಳೆದು, ಮೆತ್ತಗೆ ಕ್ಲಚ್ ಬಿಡಿ. ಓಮ್ನಿಯಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಡ್ರಮ್ಮನ್ನೇ. ತಿರುಗುವ ಚಕ್ರಕ್ಕೆ ಸ್ವಲ್ಪ ತಡೆ ಸಿಕ್ಕರೆ ಇನ್ನೊಂದಕ್ಕೂ ಬಲ ಹೋಗುತ್ತದೆ. ಹತ್ತಿಪ್ಪತ್ತು ಅಡಿಗೆ ಸಾಕು, ಕಿಲೋಮೀಟರುಗಟ್ಟಲೆ ಮಾಡಿದರೆ ಲೈನರ್ ಸುಟ್ಟು ನನ್ನ ಹತ್ತಿರ ಬರುತ್ತೀರಿ.

ಬ್ರೇಕ್ ಹಿಡಿದರೂ ಜಾರಿದ್ದು ಯಾಕೆ ಅಂದರೆ, ಏರಿನಲ್ಲಿ ಭಾರ ಹಿಂದಕ್ಕೆ ವಾಲುತ್ತದೆ, ಮುಂದಿನ ಚಕ್ರ ಹಗುರ ಆಗುತ್ತದೆ. ಜೋರಾಗಿ ಒತ್ತಿದರೆ ಮುಂದಿನವು ಲಾಕ್. ಲಾಕ್ ಆದ ಚಕ್ರಕ್ಕೆ ಸ್ಟಿಯರಿಂಗ್ ಮಾತು ಕೇಳಿಸುವುದಿಲ್ಲ. ಹತ್ತಲಾಗಲಿಲ್ಲ ಅಂತ ಗೊತ್ತಾದ ಕ್ಷಣ ರಿವರ್ಸ್ ಗೇರಿಗೆ ಹಾಕಿ, ಕ್ಲಚ್ ಪೂರ್ತಿ ಬಿಟ್ಟು, ಎಂಜಿನ್ನಿನ ಹಿಡಿತದಲ್ಲೇ ನೆಟ್ಟಗೆ ಹಿಂದೆ ಇಳಿಯಬೇಕು. ಅಡ್ಡ ತಿರುಗಿಸಲೇಬೇಡಿ. ಅಗಲ 1.4 ಮೀಟರು, ಎತ್ತರ ಅದಕ್ಕಿಂತ ಜಾಸ್ತಿ, ಮೇಲೆ ಕ್ಯಾರಿಯರ್ ಬೇರೆ. ಮಗುಚುವುದಕ್ಕೆ ಹೊತ್ತು ಬೇಡ.

ಪಟ್ಟಿ ಸೇರಿಸುವುದು ಬೇಡ. ಎತ್ತರ ಆದಷ್ಟೂ ಇನ್ನೂ ವಾಲುತ್ತದೆ.

ಓಮ್ನಿ_ಓಟ

ಎರಡು ಕ್ಯಾನೂ ಕ್ಯಾರಿಯರಿನ ಮೇಲೇ ಇದ್ದವು.

ಹನ್ನೆರಡರ_ಪಾನ

ಗೊತ್ತಿತ್ತು.

ತೋಟದಮನೆ

ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಆ ಜೀಪಿನವನ ಮಾತನ್ನು ನಾನು ಬಿಡಿಸಿ ಹೇಳುತ್ತೇನೆ.

ನಿಮ್ಮ ದಾರಿಯಲ್ಲಿ ಹಲಸಿನ ಮರದ ಹತ್ತಿರ ಗಾಡಿ ತಿರುಗಿಸುವಷ್ಟು ಅಗಲ ಇದ್ದಿರಬೇಕು. ತೋಟದ ದಾರಿಗಳಲ್ಲಿ ಅಂಥ ಜಾಗ ಮೊದಲೇ ಬಿಟ್ಟಿರುತ್ತಾರೆ, ಎದುರು ಗಾಡಿ ಬಂದರೆ ಬೇಕಲ್ಲ. ಅದಾದ ಮೇಲೆ ಬಹುಶಃ ಇನ್ನೊಂದು ಕಿಲೋಮೀಟರು ತಿರುಗಿಸಲು ಜಾಗ ಇಲ್ಲ. ಅಂದಮೇಲೆ ಆ ಮರದ ಕೆಳಗೇ ಗಾಡಿ ನಿಲ್ಲಿಸಿ, ಮುಂದಿನ ತಿರುವನ್ನು ನಡೆದು ನೋಡಿ ಬರಬೇಕಿತ್ತು. ಅಲ್ಲಿ ನಿಲ್ಲಿಸದೆ ಹೊರಟಿರಿ, ಅಲ್ಲಿಗೆ ಮುಗಿಯಿತು. ಮೇಲೆ ಆದದ್ದು ಬರೀ ಲೆಕ್ಕ ಚುಕ್ತಾ.

ನಮ್ಮ ಅಪ್ಪನ ಹತ್ತಿರ ಅಂಬಾಸಿಡರ್ ಇತ್ತು. ಅದೇ ತೋಟದ ದಾರಿಯಲ್ಲಿ, ಅದೇ ಮಳೆಯಲ್ಲಿ ಮೂವತ್ತು ವರ್ಷ ಓಡಿಸಿದರು. ಅವರಿಗೆ ಫೋರ್ ವೀಲ್ ಇರಲಿಲ್ಲ, ಕೊಡೆ ಇತ್ತು. ಅನುಮಾನ ಬಂದ ಕಡೆ ಇಳಿದು, ಕೊಡೆ ಬಿಚ್ಚಿ, ನಡೆದು ಹೋಗಿ, ಕೊಡೆಯ ತುದಿಯಿಂದ ಮಣ್ಣು ಚುಚ್ಚಿ ನೋಡುತ್ತಿದ್ದರು. ಎರಡು ಇಂಚು ಒಳಗೆ ಹೋಗಿ ಗಟ್ಟಿ ತಾಗಿದರೆ ಹತ್ತುತ್ತಿದ್ದರು. ಬೆಣ್ಣೆಯ ಹಾಗೆ ಇಳಿದರೆ ಗಾಡಿ ಅಲ್ಲೇ ಬಿಟ್ಟು ಮನೆಗೆ ನಡೆದೇ ಬರುತ್ತಿದ್ದರು.

ಇನ್ನು "ನಮ್ಮ ಪಿಕಪ್ ದಿನಾ ಬರುತ್ತೆ" ಅನ್ನುವ ಮಾತು. ನಾವು ತೋಟದವರು ಎಲ್ಲರೂ ಹೀಗೇ ಹೇಳುವುದು, ಸುಳ್ಳಲ್ಲ. ಆದರೆ ಪಿಕಪ್ ಡ್ರೈವರಿಗೆ ಆ ದಾರಿಯ ಒಂದೊಂದು ಕಲ್ಲೂ ಗೊತ್ತು. ಹಿಂದೆ ಗೊಬ್ಬರದ ಮೂಟೆಯ ಭಾರ ಇರುತ್ತದೆ. ನೀವು ಕೇಳಬೇಕಾದದ್ದು ಬೇರೆ. ಗ್ಯಾಸ್ ಸಿಲಿಂಡರಿನ ಆಟೋ ಮನೆವರೆಗೆ ಬರುತ್ತಾ? ಕಾರಿನ ನೆಂಟರು ಗಾಡಿ ಎಲ್ಲಿ ನಿಲ್ಲಿಸುತ್ತಾರೆ? "ಓ, ಅವರು ಕೆಳಗೆ ಗೇಟ್ ಹತ್ರ ನಿಲ್ಸಿ ಫೋನ್ ಮಾಡ್ತಾರೆ" ಅಂದರೆ ನಿಮ್ಮ ಜಾಗವೂ ಅದೇ ಗೇಟು.

ಕಲ್ಲು ಇರುವ ದಾರಿಗೆ ನನ್ನ ಅಳತೆ ಹೇಳುತ್ತೇನೆ. ಓಮ್ನಿ ನೆಲದಿಂದ 165 ಮಿಲಿಮೀಟರು. ಅಂದರೆ ಹೆಚ್ಚು ಕಡಿಮೆ ಒಂದು ಚೋಟು (ಚಾಚಿದ ಹೆಬ್ಬೆರಳಿನಿಂದ ತೋರುಬೆರಳಿನವರೆಗೆ), ಗೇಣಿಗಿಂತ ಕಡಿಮೆ. ಕೈ ಇಟ್ಟು ನೋಡಿ. ಚೋಟಿಗಿಂತ ಗಿಡ್ಡ ಇರುವ ಕಲ್ಲನ್ನು ಗಾಲಿಗಳ ನಡುವೆ ಬಿಡಬಹುದು. ಗೇಣು ಮುಟ್ಟಿದರೆ ಎಂಜಿನ್ ಆಯಿಲ್ ದಾರಿಗೆ ಅಭಿಷೇಕ. ಭಾರ ಹೇರಿದರೆ ಚೋಟೂ ಇರುವುದಿಲ್ಲ, ಅದೂ ನೆನಪಿರಲಿ. ಜೀಪಿನ ಜಾಡಿನಲ್ಲಿ ನಡುವಿನ ದಿಬ್ಬ ಎತ್ತರ ಇದ್ದರೆ ಜಾಡಿಗೆ ಇಳಿಯಬೇಡಿ. ಒಂದು ಚಕ್ರ ದಿಬ್ಬದ ಮೇಲೆ, ಇನ್ನೊಂದು ಅಂಚಿನ ಮೇಲೆ ಇಟ್ಟು ಹೋಗಿ.

ಕಡಿದಾದ ಏರಿಗೆ ನಾವು ಕಾಂಕ್ರೀಟಿನ ಎರಡು ಪಟ್ಟಿ ಹಾಕಿಸುತ್ತೇವಲ್ಲ, ಅದನ್ನು ನೋಡಿ ಖುಷಿಪಡಬೇಡಿ. ಅದು ಪಿಕಪ್ ಅಗಲಕ್ಕೆ ಹಾಕಿದ್ದು. ಓಮ್ನಿಯ ಚಕ್ರಗಳ ನಡುವೆ ಸುಮಾರು 1.2 ಮೀಟರು ಅಷ್ಟೇ. ಒಂದು ಪಟ್ಟಿಯ ಮೇಲೆ ಕೂತರೆ ಇನ್ನೊಂದು ಒಳಗೆ ಜಾರುತ್ತದೆ. ಅದಕ್ಕಿಂತ ಜಾಸ್ತಿ ಮೋಸ ಮಾಡುವುದು ಪಾಚಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಆ ಕಾಂಕ್ರೀಟು ಹಸಿರಾಗಿರುತ್ತದೆ. ಕೆಸರಾದರೂ ವಾಸಿ. ಪಾಚಿ ಕಂಡರೆ ನಾನು ನನ್ನ ಜೀಪಿನಲ್ಲೂ ಉಸಿರು ಬಿಗಿಹಿಡಿಯುತ್ತೇನೆ.

ಬರೀ_ಪ್ರಶ್ನೆ

ಇಷ್ಟೆಲ್ಲ ಇಳಿದು, ನಡೆದು, ಚುಚ್ಚಿ ನೋಡುವುದಾದರೆ ಗಾಡಿ ಯಾಕೆ?

ತೋಟದಮನೆ

ಮಲಗೋಕೆ.

ಮೆಟಡೋರ್_ಮಾವ

ಹಳೆ ಕಥೆ ಒಂದು ಸೇರಿಸಲೇ?

ಬಜಾಜ್ ಟೆಂಪೊದವರ ಮೆಟಡೋರ್ ನೆನಪಿದೆಯಾ ಯಾರಿಗಾದರೂ? 1969ರಲ್ಲಿ ಬಂದದ್ದು, ಜರ್ಮನಿಯ ಹನೋಮಾಗ್ ವ್ಯಾನಿನ ಅಚ್ಚು. ಅದು ಮುಂದಿನ ಚಕ್ರದಿಂದ ಎಳೆಯುವ ಗಾಡಿ. ನಾನು ಎಂಬತ್ತರ ದಶಕದಲ್ಲಿ ಮದುವೆ ದಿಬ್ಬಣಕ್ಕೆ, ನಾಟಕದ ಸಾಮಾನಿಗೆ ಅಂತ ಘಟ್ಟದ ಮೇಲೂ ಕೆಳಗೂ ಓಡಿಸುತ್ತಿದ್ದೆ. ತುಂಬಿದ ಮೆಟಡೋರ್ ಜಾರು ಏರಿನಲ್ಲಿ ಮುಂದೆ ಹತ್ತುತ್ತಿರಲಿಲ್ಲ. ಭಾರವೆಲ್ಲ ಹಿಂದೆ ಕೂತು, ಎಳೆಯುವ ಚಕ್ರ ಗಾಳಿಯಲ್ಲಿ ಈಜುತ್ತಿತ್ತು. ಆಗ ಏನು ಮಾಡುತ್ತಿದ್ದೆವು? ಗಾಡಿ ತಿರುಗಿಸಿ ರಿವರ್ಸ್‌ನಲ್ಲಿ ಹತ್ತಿಸುತ್ತಿದ್ದೆವು! ಎಳೆಯುವ ಚಕ್ರ ಇಳಿಜಾರಿನ ಕಡೆ ಬಂದು ಅದರ ಮೇಲೆ ಭಾರ ಕೂರುತ್ತಿತ್ತು. ಒಮ್ಮೆ ಮದುಮಗನನ್ನು ಹೀಗೆ ಹಿಮ್ಮುಖವಾಗಿ ಮಾವನ ಮನೆಗೆ ಕರೆದುಕೊಂಡು ಹೋಗಿದ್ದೇವೆ. ಹೆಣ್ಣಿನ ಕಡೆಯವರು ಅಪಶಕುನ ಅಂದರು. ಮೊಮ್ಮಕ್ಕಳಾಗಿವೆ ಈಗ.

ಹಾಗಾಗಿ ಟೂ ವೀಲ್ ಅಂದರೆ ಎಲ್ಲವೂ ಒಂದೇ ಅಲ್ಲ. ಓಮ್ನಿಯದು ಹಿಂದಿನ ಚಕ್ರ, ಏರಿಗೆ ಅದೇ ಲಾಯಕ್ಕು. ಹೊಸ ಕಾರುಗಳು ಬಹುತೇಕ ಮುಂದಿನ ಚಕ್ರದವು. ಆ ಕಾರಿನವರು ಹೇಳಿದ ಬುದ್ಧಿವಾದವನ್ನು ಓಮ್ನಿಗೆ ಹಾಕಬೇಡಿ.

ರಾತ್ರಿಪಾಳಿ

ಏರಿನ ಬಗ್ಗೆ ಇಷ್ಟು ಮಾತಾಯಿತು. ಇಳಿಜಾರಿನಲ್ಲಿ ನಾನು ನ್ಯೂಟ್ರಲ್ ಮಾಡಿ ಬಿಡುತ್ತೇನೆ, ಪೆಟ್ರೋಲ್ ಉಳಿಯುತ್ತೆ. ಚಾರ್ಮಾಡಿ ಪೂರ್ತಿ ಹಾಗೇ ಇಳಿದಿದ್ದೇನೆ. ಏನೂ ಆಗಿಲ್ಲ.

ಹನ್ನೆರಡರ_ಪಾನ

ಅಣ್ಣಾ, ದಯವಿಟ್ಟು ಬೇಡ. ಇಂಜೆಕ್ಷನ್ ಇರುವ ಎಂಜಿನ್‌ನಲ್ಲಿ ಗೇರಿನಲ್ಲೇ ಇಟ್ಟು ಆಕ್ಸಿಲೇಟರ್ ಬಿಟ್ಟರೆ ಪೆಟ್ರೋಲ್ ಹೋಗುವುದು ತಾನಾಗಿ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಸ್ಲೋ ಓಡಲು ಪೆಟ್ರೋಲ್ ಬೇಕು. ಅಂದರೆ ನಿಮಗೆ ಉಳಿದದ್ದು ಏನೂ ಇಲ್ಲ, ಹೋದದ್ದು ಬ್ರೇಕು.

ಮೊನ್ನೆ ಒಂದು ಹಳೆ ವ್ಯಾನ್ ಬಂತು. ಘಾಟಿ ಇಳಿಯುವಾಗ ಪೆಡಲ್ ನೆಲ ಮುಟ್ಟಿತಂತೆ. ಬ್ರೇಕ್ ಆಯಿಲ್ ತೆಗೆದು ನೋಡಿದರೆ ಕಾಫಿ ಡಿಕಾಕ್ಷನ್ ಬಣ್ಣ. ಆರು ವರ್ಷದಿಂದ ಬದಲಿಸಿಲ್ಲ. ಈ ಆಯಿಲ್ ಗಾಳಿಯಲ್ಲಿನ ನೀರು ಹೀರುತ್ತದೆ, ನಮ್ಮ ಮಲೆನಾಡಿನಲ್ಲಿ ಗಾಳಿಯೇ ಅರ್ಧ ನೀರು. ಬ್ರೇಕ್ ಕಾದಾಗ ಆ ನೀರು ಒಳಗೇ ಕುದಿದು ಆವಿಯಾಗುತ್ತದೆ. ಆವಿ ಒತ್ತಿದರೆ ಕುಗ್ಗುತ್ತದೆ, ಆಯಿಲ್ ಕುಗ್ಗುವುದಿಲ್ಲ. ಅದಕ್ಕೇ ಪೆಡಲ್ ಸ್ಪಂಜಿನ ಹಾಗಾಗುವುದು. ಎರಡು ವರ್ಷಕ್ಕೊಮ್ಮೆ ಬದಲಿಸಿ. ಒಂದು ಹೊತ್ತಿನ ಹೋಟೆಲ್ ಊಟದಷ್ಟು ಖರ್ಚು.

ಏರುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ. ಎಂಜಿನ್ ಆಫ್ ಮಾಡಿ ಇಳಿಯುವುದಂತೂ ಬೇಡವೇ ಬೇಡ. ಪೆಡಲ್ ಹಗುರ ಮಾಡುವ ಬ್ರೇಕ್ ಬೂಸ್ಟರ್ ಇರುವ ಗಾಡಿಯಲ್ಲಿ ಎಂಜಿನ್ ನಿಂತರೆ ಎರಡು ಮೂರು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಿನ ಹಾಗಾಗುತ್ತದೆ. ಸುಟ್ಟ ವಾಸನೆ ಬಂದರೆ ನಿಲ್ಲಿಸಿ, ಅರ್ಧ ಗಂಟೆ ಬಿಡಿ, ಮೇಲೆ ನೀರು ಹೊಯ್ಯಬೇಡಿ.

ಸ್ಪಿತಿ_ಸವಾರ

ಓಮ್ನಿ_ಓಟ ಅವರೇ, ಗಾಡಿ ಮಾರುವ ಮೊದಲು ನಮ್ಮ ಕಥೆಯನ್ನೂ ಕೇಳಿ.

ನಾವು ಹಾಸನದ ನಾಲ್ವರು, 2001ರ ಟೆಂಪೊ ಟ್ರಾವೆಲರ್ ಅನ್ನು ಮನೆ ಮಾಡಿಕೊಂಡು 2019ರ ಸೆಪ್ಟೆಂಬರ್‌ನಲ್ಲಿ ಹಿಮಾಚಲದ ಸ್ಪಿತಿಗೆ ಹೋಗಿದ್ದೆವು. ಹಿಂದಿನ ಚಕ್ರದ ಗಾಡಿ, ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ಕೊಡುವ ಸಾಧನ) ಇಲ್ಲದ ಹಳೆ ಡೀಸೆಲ್ ಎಂಜಿನ್. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ದೆಹಲಿ ಸುತ್ತಮುತ್ತ ನಿರ್ಬಂಧ ಇದ್ದ ಕಾರಣ ಬಿಕಾನೇರ್, ಬಠಿಂಡಾ, ಚಂಡೀಗಢ ಅಂತ ಸುತ್ತು ಹಾಕಿದೆವು.

ಶಿಮ್ಲಾ ಕಡೆಯಿಂದ ಹೋದದ್ದು ಒಳ್ಳೆಯದಾಯಿತು. ಕಿನ್ನೌರ್, ನಾಕೋ, ಟಾಬೋ ಅಂತ ಮೆಲ್ಲಗೆ ಎತ್ತರ ಏರುತ್ತದೆ. ನಮ್ಮ ತಲೆಗೂ ಎಂಜಿನ್ನಿಗೂ ಒಗ್ಗಿಕೊಳ್ಳಲು ಸಮಯ ಸಿಕ್ಕಿತು. ಟರ್ಬೊ ಇಲ್ಲದ ಎಂಜಿನ್ 1,000 ಮೀಟರ್ ಏರಿದಂತೆಲ್ಲ ಸುಮಾರು ನೂರಕ್ಕೆ ಹತ್ತರಷ್ಟು ಕಸುವು ಕಳೆದುಕೊಳ್ಳುತ್ತದೆ. ಕುಂಜುಂ ಪಾಸ್ 4,500 ಮೀಟರಿಗೂ ಮೇಲೆ. ಅಲ್ಲಿ ಗಾಳಿ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ನಮ್ಮ ಗಾಡಿ ಫಸ್ಟ್ ಗೇರಿನಲ್ಲಿ, ಕಪ್ಪು ಹೊಗೆ ಬಿಡುತ್ತಾ, ದೇವರ ಪಲ್ಲಕ್ಕಿಯ ವೇಗದಲ್ಲಿ ಹತ್ತಿತು. ಇಬ್ಬರು ಪಕ್ಕದಲ್ಲಿ ನಡೆದುಕೊಂಡೇ ಬಂದರು. ಅವರೇ ಮೊದಲು ಮುಟ್ಟಿದರು ಅನ್ನುವುದು ಬೇರೆ ವಿಷಯ.

ನಮಗೆ ಹೆದರಿಕೆ ಇದ್ದದ್ದು ಪಾಸಿನ ಬಗ್ಗೆ. ಆದರೆ ಕಷ್ಟ ಕೊಟ್ಟದ್ದು ಅದಾದ ಮೇಲಿನ ಬಾತಲ್, ಛತ್ರು, ಗ್ರಾಂಫು ದಾರಿ. ರಸ್ತೆ ಅಂತ ಕರೆಯುವುದು ಮರ್ಯಾದೆಗೆ. ಹೊಳೆಯ ಕಲ್ಲಿನ ಮೇಲೆ ಹೊಳೆಯೇ ಹರಿಯುತ್ತಿರುತ್ತದೆ. ಅಲ್ಲಿ ನಾಲಾ ಅನ್ನುತ್ತಾರೆ. ಮೇಲಿನ ಹಿಮ ಬಿಸಿಲಿಗೆ ಕರಗಿದಂತೆ ನೀರು ಏರುತ್ತದೆ. ಬೆಳಿಗ್ಗೆ ಏಳಕ್ಕೆ ಪಾದ ಮುಳುಗುವ ನಾಲಾ ಮಧ್ಯಾಹ್ನ ಮೂರಕ್ಕೆ ಮೊಣಕಾಲು ದಾಟುತ್ತದೆ. ನಾವು ಒಂದು ನಾಲಾ ಹತ್ತಿರ ಮಧ್ಯಾಹ್ನ ಬಂದೆವು. ಮೂವರು ದಾಟೋಣ ಅಂದರು. ನಾಲ್ಕನೆಯವನು ಚಪ್ಪಲಿ ಬಿಟ್ಟು ನೀರಿಗಿಳಿದ. ನಾಲ್ಕು ಹೆಜ್ಜೆ ಹೋಗಿ, ತೊಡೆವರೆಗೆ ಒದ್ದೆಯಾಗಿ, ಬಾಯಿಂದ ಮಾತೇ ಹೊರಡದೆ ವಾಪಸ್ ಬಂದ. ಅಲ್ಲೇ ಗಾಡಿ ಪಕ್ಕಕ್ಕೆ ಹಾಕಿ, ಕುಕ್ಕರಿನಲ್ಲಿ ಬಿಸಿಬೇಳೆಬಾತ್ ಮಾಡಿ, ಮಲಗಿದೆವು. ಕುಕ್ಕರ್ ಯಾಕೆ ಅಂದರೆ ಆ ಎತ್ತರದಲ್ಲಿ ನೀರು 90 ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೆಳಗಾದರೂ ಬೇಯುವುದಿಲ್ಲ.

ಬೆಳಿಗ್ಗೆ ಆರೂವರೆಗೆ ಅದೇ ನಾಲಾದಲ್ಲಿ ಕಲ್ಲುಗಳು ಕಾಣುತ್ತಿದ್ದವು. ಫಸ್ಟ್ ಗೇರ್, ನಡುವೆ ಕ್ಲಚ್ ಮುಟ್ಟದೆ, ಒಂದೇ ವೇಗ. ಎರಡು ನಿಮಿಷದಲ್ಲಿ ಆಚೆ. ಸಂಜೆ ನಮ್ಮನ್ನು ನೋಡಿ ನಕ್ಕು ಮುಂದೆ ಹೋದ ಒಂದು ಫೋರ್ ವೀಲ್ ಗಾಡಿ ಸ್ವಲ್ಪ ದೂರದಲ್ಲಿ ಮುಂದಿನ ಬಂಪರ್ ಕಳಚಿಕೊಂಡು ನಿಂತಿತ್ತು. ಚಹಾ ಕೊಟ್ಟೆವು.

ಚಂದ್ರತಾಲ್ ಕವಲಿಗೆ ಟ್ರಾವೆಲರ್ ಒಯ್ಯಲಿಲ್ಲ. ತಿರುವು ನೋಡಿದೆವು, ಗಾಡಿಯ ಉದ್ದ ನೋಡಿದೆವು. ಬಾತಲ್‌ನಲ್ಲಿ ಬಿಟ್ಟು ಬೇರೆ ಗಾಡಿ ಹತ್ತಿದೆವು. ಬೇಜಾರೇನೂ ಆಗಲಿಲ್ಲ.

ದಕ್ಷಿಣದ್ವೀಪ

ನ್ಯೂಜಿಲೆಂಡಿನಿಂದ. ಮೂಲ ಶಿರಸಿ. ನಮ್ಮದು ಹಳೆ ಟೊಯೋಟಾ ಹೈಏಸ್ ವ್ಯಾನ್, ಟೂ ವೀಲ್. ಇಲ್ಲಿ ಕ್ವೀನ್ಸ್‌ಟೌನ್ ಹತ್ತಿರ ಸ್ಕಿಪ್ಪರ್ಸ್ ರಸ್ತೆ ಅಂತ ಇದೆ. ಚಿನ್ನದ ಗಣಿಯ ಕಾಲದಲ್ಲಿ ಬಂಡೆ ಕಡಿದು ಮಾಡಿದ್ದು. ಬಾಡಿಗೆ ಗಾಡಿ ಅಲ್ಲಿಗೆ ಒಯ್ದರೆ ವಿಮೆ ನಡೆಯುವುದಿಲ್ಲ. ಸ್ವಂತದ್ದಲ್ಲವಾ ಅಂತ ನಾನು ಹೋದೆ. ಎದುರು ಗಾಡಿ ಬಂತು. ಇಬ್ಬರಲ್ಲಿ ಒಬ್ಬರು ಹಿಂದೆ ಹೋಗಬೇಕು. ನಾನೇ ಹೋದೆ, ಸುಮಾರು 400 ಮೀಟರು, ಹೆಂಡತಿ ಹೊರಗೆ ನಡೆಯುತ್ತಾ "ಎಡಕ್ಕೆ, ಎಡಕ್ಕೆ, ಅಯ್ಯೋ ನನ್ನ ಎಡಕ್ಕಲ್ಲ ನಿಮ್ಮ ಎಡಕ್ಕೆ" ಅನ್ನುತ್ತಾ. ಅವತ್ತಿನಿಂದ ಒಂದು ನಿಯಮ: ಒಂದು ದಾರಿಯಲ್ಲಿ ರಿವರ್ಸ್ ಬರುವ ಧೈರ್ಯ ಇದ್ದರೆ ಮಾತ್ರ ಮುಂದೆ ಹೋಗುವುದು.

ಇನ್ನೊಂದು, ಜಲ್ಲಿ ರಸ್ತೆಯ ಬಗ್ಗೆ. ರೊಟ್ಟಿ ಹಂಚಿನ ಮೇಲೆ ಬೆರಳು ಎಳೆದ ಹಾಗೆ ಅಲೆ ಅಲೆ ಇರುತ್ತದಲ್ಲ, ಅಲ್ಲಿ ಟೈರಿನ ಗಾಳಿ ಐದಾರು ಪಿಎಸ್‌ಐ ಇಳಿಸಿ. ಒಳಗಿನ ತಟ್ಟೆ ಲೋಟ ಬಡಿದಾಡುವುದು ಅರ್ಧ ಕಡಿಮೆ ಆಗುತ್ತದೆ, ಹಿಡಿತವೂ ಜಾಸ್ತಿ. ಟಾರ್ ರಸ್ತೆಗೆ ಬಂದ ಕೂಡಲೇ ವಾಪಸ್ ತುಂಬಿಸಬೇಕು. 12 ವೋಲ್ಟಿನ ಪಂಪು ಗಾಡಿಯಲ್ಲೇ ಇರಲಿ.

ಹನ್ನೆರಡರ_ಪಾನ

ಗಾಳಿ ಇಳಿಸುವ ಮಾತು ಸರಿ. ದಪ್ಪ ಕಚ್ಚಿನ ಟೈರಿಗಿಂತ ಮೊದಲು ಇದನ್ನು ಮಾಡಿ. ಟೈರಿಗೆ ಐದಾರು ವರ್ಷ ಆಗಿದ್ದರೆ ಕಚ್ಚು ಎಷ್ಟೇ ಇರಲಿ ಬದಲಿಸಿ. ರಬ್ಬರ್ ಗಟ್ಟಿಯಾಗಿ ಕಲ್ಲನ್ನು ಕಚ್ಚುವುದಿಲ್ಲ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ವಾರ ಮತ್ತು ವರ್ಷ. ಅದನ್ನು ಓದಲು ಕಲಿಯಿರಿ. ನನಗೆ ಗೊತ್ತಿರುವ ಒಬ್ಬರಿಗೆ ಒಂದು ಅಂಗಡಿಯಲ್ಲಿ ನಾಲ್ಕು ವರ್ಷ ಹಳೆಯದನ್ನು ಹೊಸದು ಅಂತ ಹಾಕಿ ಕಳಿಸಿದ್ದರು.

ಗಾಡಿಯಲ್ಲಿ ನಾಲ್ಕು ಗೋಣಿಚೀಲ ಇಟ್ಟುಕೊಳ್ಳಿ. ಹಾಳೆ ಅಲ್ಲ, ಗೋಣಿ! ಖಾಲಿ ಇದ್ದಾಗ ಚಕ್ರದ ಕೆಳಗೆ ಹಾಕಬಹುದು, ಮರಳು ತುಂಬಿದರೆ ಹಿಂದಿನ ಆಕ್ಸಲ್ ಮೇಲೆ ಭಾರ. ಒಂದು ಗುದ್ದಲಿ. ಜ್ಯಾಕ್ ಕೆಳಗೆ ಇಡಲು ಒಂದು ಅಗಲದ ಹಲಗೆ, ಇಲ್ಲದಿದ್ದರೆ ಗಾಡಿ ಏಳುವ ಬದಲು ಜ್ಯಾಕ್ ಭೂಮಿಗೆ ಹೋಗುತ್ತದೆ. ಹಗ್ಗ ಕಟ್ಟುವಾಗ ಕಂಪನಿ ಕೊಟ್ಟ ಕೊಕ್ಕೆಗೇ ಕಟ್ಟಿ, ಸ್ಟಿಯರಿಂಗಿನ ರಾಡಿಗೆ ಕಟ್ಟಿ ಬಗ್ಗಿಸಿಕೊಂಡವರು ವರ್ಷಕ್ಕೆ ಇಬ್ಬರಾದರೂ ಬರುತ್ತಾರೆ. ಎಳೆಯುವಾಗ ಹಗ್ಗದ ಮಧ್ಯೆ ಒಂದು ಒದ್ದೆ ಗೋಣಿ ಹೊದಿಸಿ, ಜನ ದೂರ ನಿಲ್ಲಲಿ. ತುಂಡಾದರೆ ಹಗ್ಗ ಚಾಟಿಯ ಹಾಗೆ ಬರುತ್ತದೆ.

ಮೆಟಡೋರ್_ಮಾವ

ಸೇರಿಸಿ: ಏರಿನಲ್ಲಿ ಎದುರು ಗಾಡಿ ಬಂದರೆ ಹತ್ತುವವನಿಗೆ ಮೊದಲು ದಾರಿ. ಕಾನೂನೂ ಹಾಗೇ ಹೇಳುತ್ತದೆ. ಈಗ ಬೆಂಗಳೂರಿನ ಹುಡುಗರು ಆಗುಂಬೆಯ 14 ತಿರುವಿನಲ್ಲೂ ಇಳಿಯುವಾಗ ಲೈಟ್ ಹೊಡೆದು ನಮ್ಮನ್ನೇ ನಿಲ್ಲಿಸುತ್ತಾರೆ.

ಬರೀ_ಪ್ರಶ್ನೆ

ಗಾಡಿ ಒಳಗೆ ಮಂಚ ಹಾಕಿದ್ದಕ್ಕೆ ಆರ್‌ಟಿಒ ಹಿಡಿಯಲ್ವಾ? ಇದು ನಿಜವಾದ ಪ್ರಶ್ನೆ, ಕಾಲೆಳೆಯುತ್ತಿಲ್ಲ.

ಓಮ್ನಿ_ಓಟ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಗಾಡಿಯ ಮೂಲ ರಚನೆ ಬದಲಿಸುವಂತಿಲ್ಲ. ಅದಕ್ಕೇ ನಾನು ಏನನ್ನೂ ಕೊರೆದಿಲ್ಲ, ಬೆಸುಗೆ ಹಾಕಿಲ್ಲ, ಸೀಟು ಕಿತ್ತಿಲ್ಲ. ಮಂಚ ಹತ್ತು ನಿಮಿಷದಲ್ಲಿ ಬಿಚ್ಚಿ ಹೊರಗಿಡಬಹುದು. ಸಾಮಾನು ಅಂತಲೇ ಲೆಕ್ಕ. ಕಾಡಿನೊಳಗೆ ರಾತ್ರಿ ನಿಲ್ಲಿಸುವುದಿಲ್ಲ. ಕುದುರೆಮುಖದ ದಾರಿಯಲ್ಲಿ ನಿಲ್ಲಿಸುವಂತೆಯೇ ಇಲ್ಲ. ಯಾರದಾದರೂ ತೋಟ, ಇಲ್ಲವೇ ದೇವಸ್ಥಾನದ ಬಯಲು, ಕೇಳಿಯೇ ನಿಲ್ಲಿಸುವುದು.

ಎಲ್ಲರಿಗೂ ಧನ್ಯವಾದ. ಗಾಡಿ ಮಾರುತ್ತಿಲ್ಲ. ಜನವರಿಯಲ್ಲಿ ಮತ್ತೆ ಹೋಗಿ ಬಂದು ಬರೆಯುತ್ತೇನೆ.

ತೋಟದಮನೆ

ಜನವರಿ ಅಂದರೆ ಕಾಫಿ ಕೊಯ್ಲು. ಪಿಕಪ್, ಟ್ರ್ಯಾಕ್ಟರ್, ಆಳುಗಳ ಜೀಪು ಎಲ್ಲ ಅದೇ ದಾರಿಯಲ್ಲಿ. ದಾರಿ ಒಣಗಿರುತ್ತದೆ, ಆದರೆ ಅಡ್ಡ ನಿಲ್ಲಿಸಿದರೆ ಬೈಗುಳ ಗ್ಯಾರಂಟಿ.

ಓಮ್ನಿ_ಓಟ

(ಜನವರಿ ಕೊನೆ)

ಹೋಗಿ ಬಂದೆವು. ಅದೇ ತೋಟ, ಅದೇ ದಾರಿ.

ಹೊರಡುವ ಮೊದಲು ಬ್ರೇಕ್ ಆಯಿಲ್ ಬದಲಿಸಿದೆ. ಬಣ್ಣ ಡಿಕಾಕ್ಷನ್ ಅಷ್ಟಲ್ಲ, ಚಹಾ. ಕ್ಯಾನು ಎರಡೂ ಮಂಚದ ಕೆಳಗೆ, ಆಕ್ಸಲ್ ಮೇಲೆ. ಟೈರಿನ ಅಂಕಿ ಓದಿದೆ, ಎರಡು 2016ರವು. ಬದಲಿಸಿದೆ. ಗಾಳಿ ಕಳಸದಲ್ಲೇ ಇಳಿಸಿಕೊಂಡೆ.

ಹಲಸಿನ ಮರದ ಹತ್ತಿರ ನಿಲ್ಲಿಸಿದೆ. ಮಗಳೂ ನಾನೂ ನಡೆದು ಮೇಲೆ ಹೋದೆವು. ತಿರುವಿನ ಮಣ್ಣು ಒಣಗಿ ಗಟ್ಟಿಯಾಗಿತ್ತು. ಆದರೆ ಮಧ್ಯದಲ್ಲಿ ಒಂದು ಕಲ್ಲು ಎದ್ದಿತ್ತು, ಮಳೆಗಾಲದಲ್ಲಿ ಕೆಸರೊಳಗೆ ಅಡಗಿದ್ದದ್ದು ಇರಬೇಕು. ಮಗಳು ತನ್ನ ಕೈಯಿಂದ ಅಳೆದಳು. ಅವಳ ಗೇಣು ಸರಿಯಾಗಿ ನನ್ನ ಚೋಟು! ಕಲ್ಲು ಅವಳ ಗೇಣಿಗಿಂತ ಒಂದು ಬೆರಳು ಕಡಿಮೆ. ಹೋಗಬಹುದಿತ್ತು. ಒಂದು ನಿಮಿಷ ನೋಡುತ್ತಾ ನಿಂತೆ. ತುಂಬಿದ ಗಾಡಿ ಎಷ್ಟು ಕೂರುತ್ತದೋ ಏನೋ ಅನ್ನಿಸಿತು. ಹೆಂಡತಿ ಕೆಳಗಿಂದ "ಇಲ್ಲೇ ಚೆನ್ನಾಗಿದೆಯಲ್ಲಾ, ನೆರಳಿದೆ" ಅಂದಳು.

ತೋಟದವರಿಗೆ ಫೋನ್ ಮಾಡಿ ಕೇಳಿ, ಮರದ ಆಚೆ ಬದಿಯ ಅಗಲದಲ್ಲಿ, ದಾರಿ ಬಿಟ್ಟು ಗಾಡಿ ಹಾಕಿದೆವು. ಎರಡು ರಾತ್ರಿ ಅಲ್ಲೇ. ಊಟಕ್ಕೆ ನಡೆದು ಹೋಗಿ ಬಂದೆವು, ಇಪ್ಪತ್ತೈದು ನಿಮಿಷ. ಎರಡನೇ ದಿನ ಬೆಳಿಗ್ಗೆ ಕಾಫಿ ಮೂಟೆ ಹೇರಿದ ಜೀಪು ಇಳಿದು ಬಂತು. ಅದೇ ಡ್ರೈವರ್. ಗಾಡಿ ನಿಲ್ಲಿಸಿ, ನಮ್ಮನ್ನೂ ಮರವನ್ನೂ ಒಮ್ಮೆ ನೋಡಿದ. "ಹಾಳೆ ಬೇಕಾ ಸಾರ್?" ಅಂತ ಕೇಳಿ ಹೋದ.

ಅಂದ ಹಾಗೆ ಕ್ಯಾರಿಯರ್ ಕಳಚಿಟ್ಟಿದ್ದೇನೆ. ಯಾರಿಗಾದರೂ ಬೇಕಿದ್ದರೆ ಹೇಳಿ. ಬಂದು ಒಯ್ಯಬೇಕು.

ಮೆಟಡೋರ್_ಮಾವ

ಅಡಿಕೆ ಒಣಗಿಸೋಕೆ ಆಗುತ್ತಾ?